ವಿಜ್ಞಾನದ ತರಗತಿಯಲ್ಲಿ ಪ್ರಶ್ನೆಯ ಕನ್ನಡ

ಕನ್ನಡದ ‘ಕೇಳು’ ಎಂಬ ಧಾತು ಎರಡು ಕ್ರಿಯೆಗಳನ್ನು ಹೇಳುತ್ತದೆ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ‘ಪಾಠ ಕೇಳಿದನು’ ಎಂಬಲ್ಲಿ ಮೊದಲನೆಯ ಅರ್ಥ, ‘ದಾರಿ ಕೇಳಿದನು’ ಎಂಬಲ್ಲಿ ಎರಡನೆಯದು. ನಮ್ಮ ಶಾಲೆಗಳ ವಿಜ್ಞಾನದ ತರಗತಿಗಳಲ್ಲಿ ವಿದ್ಯಾರ್ಥಿಯ ಪಾಲಿಗೆ ಈ ಧಾತು ಬಹುಮಟ್ಟಿಗೆ ಮೊದಲನೆಯ ಅರ್ಥದಲ್ಲಿಯೇ ಉಳಿದುಕೊಂಡಿದೆ. ಎರಡನೆಯ ಅರ್ಥ ಅಧ್ಯಾಪಕರ ಪಾಲಾಗಿದೆ. ಪ್ರಶ್ನೆ ಕೇಳುವವರು ಅವರು. ಅದೂ ಉತ್ತರ ಗೊತ್ತಿದ್ದು ಕೇಳುವವರು. ಉತ್ತರ ಗೊತ್ತಿಲ್ಲದೆ ಕೇಳುವ ಪ್ರಶ್ನೆಯೇ ವಿಜ್ಞಾನದ ಆರಂಭವೆಂದು ಒಪ್ಪುವುದಾದರೆ, ಅಂತಹ ಪ್ರಶ್ನೆಗೆ ನಮ್ಮ ತರಗತಿಗಳಲ್ಲಿ ಸ್ಥಳವೇ ಇಲ್ಲವಾಗಿದೆ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಶಾಲಾ ವಿಜ್ಞಾನವನ್ನು ಅನ್ವೇಷಣೆಯ ಮೂಲಕ ಬೋಧಿಸುವುದು ಎಂದರೇನು, ಅದಕ್ಕೆ ಕನ್ನಡ ನಾಡಿನಲ್ಲಿ ಯಾವ ಹಿನ್ನೆಲೆಯಿದೆ, ಮುಖ್ಯವಾಗಿ ಅದರಲ್ಲಿ ಕನ್ನಡ ಭಾಷೆಯ ಪಾತ್ರವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ. ಇದು ಶಿಕ್ಷಣಶಾಸ್ತ್ರ ವಿಭಾಗಕ್ಕೆ ಸೇರಿದ ವಿಷಯವಲ್ಲವೇ ಎಂಬ ಶಂಕೆ ಕನ್ನಡ ಅಧ್ಯಾಪಕರಲ್ಲಿ ಮೂಡುವುದು ಸಹಜ. ಆದರೆ ಮಗುವಿನ ಪ್ರಶ್ನೆ ಒಂದು ವಾಕ್ಯ. ಊಹೆ ಒಂದು ವಾಕ್ಯ. ಕಂಡದ್ದನ್ನು ಬರೆದಿಡುವುದೂ ವಾಕ್ಯವೇ. ವಾಕ್ಯಗಳ ವಿಚಾರದಲ್ಲಿ ಮಾತನಾಡಬೇಕಾದವರು ನಾವಲ್ಲದೆ ಬೇರೆ ಯಾರು?

ಮೊದಲಿಗೆ ಪರಿಭಾಷೆಯ ವಿಚಾರ. ಈ ಬೋಧನ ಕ್ರಮವನ್ನು ಸೂಚಿಸಲು ಕನ್ನಡದಲ್ಲಿ ಹಲವು ಪದಗಳು ಬಳಕೆಯಲ್ಲಿವೆ: ಅನ್ವೇಷಣಾ ವಿಧಾನ, ಪರಿಶೋಧನ ವಿಧಾನ, ಸ್ವಯಂಶೋಧನ ಪದ್ಧತಿ, ವಿಚಾರಣಾ ವಿಧಾನ. ಇವುಗಳಲ್ಲಿ ಕೊನೆಯದು ಅರ್ಥದ ದೃಷ್ಟಿಯಿಂದ ಅತ್ಯಂತ ಸಮರ್ಪಕವಾದುದು. ಆದರೆ ಇಂದು ‘ವಿಚಾರಣೆ’ ಎಂದೊಡನೆ ಪೊಲೀಸು ಠಾಣೆಯೂ ನ್ಯಾಯಾಲಯವೂ ನೆನಪಾಗುತ್ತವೆ. ‘ಶೋಧ’ವೂ ಪತ್ರಿಕೆಗಳ ದೆಸೆಯಿಂದ ಅಧಿಕಾರಿಗಳ ಮನೆಯ ಮೇಲೆ ನಡೆಯುವ ದಾಳಿಯ ಜೊತೆಗೆ ಸೇರಿಕೊಂಡಿದೆ. ‘ಪ್ರಶ್ನಿಸು’ ಎಂಬ ಕ್ರಿಯಾಪದದ ಗತಿಯೂ ಇದೇ. ‘ನನ್ನನ್ನೇ ಪ್ರಶ್ನಿಸುತ್ತೀಯಾ?’ ಎಂಬ ಮಾತಿನಲ್ಲಿ ತಿಳಿದುಕೊಳ್ಳುವ ಆಸೆಯನ್ನು ಯಾರೂ ಕಾಣುವುದಿಲ್ಲ, ಎದುರುತ್ತರವನ್ನು ಕಾಣುತ್ತಾರೆ. ಒಂದು ಸಮಾಜ ಪ್ರಶ್ನೆಯನ್ನು ಹೇಗೆ ಕಾಣುತ್ತದೆ ಎಂಬುದು ಅದರ ಪದಗಳ ಮೇಲೆ ಕುಳಿತಿರುವ ಧೂಳಿನಿಂದಲೇ ತಿಳಿಯುತ್ತದೆ. ಈ ಲೇಖನದಲ್ಲಿ ‘ಅನ್ವೇಷಣೆ’ ಎಂಬ ಪದವನ್ನೇ ಬಳಸಲಾಗಿದೆ. ಅದು ಇನ್ನೂ ಅಷ್ಟಾಗಿ ಕೆಟ್ಟಿಲ್ಲ.

ಈ ವಿಧಾನದ ತಿರುಳು ಸರಳವಾದುದು. ಸಿದ್ಧಾಂತವನ್ನು ಮೊದಲು ಹೇಳಿ ಅನಂತರ ಪ್ರಯೋಗದಿಂದ ಅದನ್ನು ‘ಸಾಧಿಸಿ’ ತೋರಿಸುವುದರ ಬದಲು, ಮಕ್ಕಳಿಗೆ ಕೈಗೆಟಕುವ ಒಂದು ವಿದ್ಯಮಾನವನ್ನು ಎದುರಿಗಿಟ್ಟು, ಅದರ ಬಗ್ಗೆ ಅವರಿಂದಲೇ ಪ್ರಶ್ನೆಗಳನ್ನು ಹೊರಡಿಸಿ, ಊಹೆ ಮಾಡಿಸಿ, ಊಹೆಯನ್ನು ಪರೀಕ್ಷಿಸುವ ಉಪಾಯವನ್ನು ಅವರಿಂದಲೇ ಹುಡುಕಿಸಿ, ಕಂಡದ್ದನ್ನು ದಾಖಲಿಸಿ, ಗುಂಪುಗುಂಪುಗಳ ನಡುವೆ ವ್ಯತ್ಯಾಸ ಬಂದರೆ ಚರ್ಚಿಸಿ, ಆ ಮೇಲೆ ತೀರ್ಮಾನಕ್ಕೆ ಬರುವುದು. 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ ಇದಕ್ಕೆ ಹ್ಯೂರಿಸ್ಟಿಕ್ ಪದ್ಧತಿ ಎಂಬ ಹೆಸರಿನಲ್ಲಿ ಪ್ರಚಾರ ನೀಡಿದರು. ನಮ್ಮ ಬಿ.ಎಡ್. ವಿದ್ಯಾರ್ಥಿಗಳು ಈ ಪದ್ಧತಿಯ ಅನುಕೂಲಗಳನ್ನೂ ಅನಾನುಕೂಲಗಳನ್ನೂ ಅಂಶಗಳಾಗಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಬಾಯಿಪಾಠವನ್ನು ತಪ್ಪಿಸಲೆಂದು ಹುಟ್ಟಿದ ಪದ್ಧತಿಗೆ ಇದಕ್ಕಿಂತ ವಿಚಿತ್ರವಾದ ಗತಿ ಬರಲಾರದು.

ಭಾರತದಲ್ಲಿ ಈ ದಿಕ್ಕಿನಲ್ಲಿ ನಡೆದ ದೊಡ್ಡ ಪ್ರಯತ್ನವೆಂದರೆ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ವಿಜ್ಞಾನ ಬೋಧನ ಕಾರ್ಯಕ್ರಮ. 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಮೊದಲಾದ ಈ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ವಿಸ್ತರಿಸಿತು. ಮಕ್ಕಳ ಕೈಯಲ್ಲಿದ್ದ ಪುಸ್ತಕದಲ್ಲಿ ಪ್ರಯೋಗಗಳೂ ಪ್ರಶ್ನೆಗಳೂ ಇದ್ದವು. ಉತ್ತರಗಳನ್ನು ಮಕ್ಕಳೇ ತುಂಬಬೇಕಾಗಿತ್ತು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವಿತ್ತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಆದರೆ ಪ್ರೊ. ಯಶಪಾಲ್ ಅವರ ಮುಂದಾಳತನದಲ್ಲಿ ರೂಪುಗೊಂಡ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ವಿಜ್ಞಾನದ ಪ್ರಕ್ರಿಯೆಯನ್ನು ಕಲಿಯುವುದಕ್ಕೂ ಮಗುವಿನ ಪರಿಸರಕ್ಕೂ ದೊರೆತ ಒತ್ತಿನಲ್ಲಿ ಇಂತಹ ಪ್ರಯತ್ನಗಳ ಅನುಭವವನ್ನು ಗುರುತಿಸಬಹುದು. ಇಂದು ಕರ್ನಾಟಕದ ಪ್ರೌಢಶಾಲೆಗಳಲ್ಲಿರುವ ವಿಜ್ಞಾನ ಪಠ್ಯಗಳು ಆ ಚೌಕಟ್ಟಿನ ಮೇಲೆ ಸಿದ್ಧವಾದ ರಾಷ್ಟ್ರೀಯ ಪುಸ್ತಕಗಳ ಕನ್ನಡ ಅವತರಣಿಕೆಗಳೇ ಆಗಿವೆ.

ಕನ್ನಡದಲ್ಲಿ ಈ ಕೆಲಸಕ್ಕೆ ಬೇರೊಂದು ದಾರಿಯ ಇತಿಹಾಸವಿದೆ. ಅದು ತರಗತಿಯ ಒಳಗಿನಿಂದ ಬಂದುದಕ್ಕಿಂತ ಹೆಚ್ಚಾಗಿ ಪತ್ರಿಕೆ, ಪುಸ್ತಕಗಳ ಮೂಲಕ ಬಂದುದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಹೊರತಂದ ‘ವಿಜ್ಞಾನ’ ಮಾಸಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಪಂಪನ ಕಾವ್ಯಗಳ ಸಂಪಾದನೆಯಲ್ಲಿಯೂ ಕೈಜೋಡಿಸಿ, ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಪತ್ರಿಕೆಯನ್ನೂ ನಡೆಸಿದರೆಂಬುದು ನಮ್ಮ ವಿಭಾಗಗಳು ನೆನಪಿಡಬೇಕಾದ ಸಂಗತಿ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ 1936ರಲ್ಲಿ ಬಂದಿತು. ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಅದರ ಎರಡು ದಶಕಗಳ ಬಳಿಕ. 1978ರಲ್ಲಿ ಆರಂಭವಾದ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ಜೆ.ಆರ್. ಲಕ್ಷ್ಮಣರಾಯರು ಬಹುಕಾಲ ಸಂಪಾದಿಸಿದರು. 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಆ ಪತ್ರಿಕೆಯನ್ನು ಮುಂದುವರಿಸಿದುದಲ್ಲದೆ, 1993ರಿಂದ ದೇಶದಾದ್ಯಂತ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶವನ್ನು ನಮ್ಮಲ್ಲಿ ಸಂಘಟಿಸಿತು. ಈ ಸಮಾವೇಶದಲ್ಲಿ ಮಕ್ಕಳು ಗುಂಪಾಗಿ ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಅಳೆದು, ಎಣಿಸಿ, ತಮ್ಮ ಭಾಷೆಯಲ್ಲಿಯೇ ವರದಿ ಮಂಡಿಸುತ್ತಾರೆ.

ಡಾ. ಎಚ್. ನರಸಿಂಹಯ್ಯನವರನ್ನು ಇಲ್ಲಿ ಸ್ಮರಿಸದೆ ಮುಂದುವರಿಯಲಾಗದು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು, 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದವರು ಅವರು. ಆ ಸಮಿತಿ ಎಬ್ಬಿಸಿದ ಗದ್ದಲವನ್ನಷ್ಟೇ ಜನ ನೆನೆಯುತ್ತಾರೆ. ಅದರ ಹಿಂದಿದ್ದ ನಿಲುವು ಮಾತ್ರ ಶಾಲೆಯ ಮಗುವಿಗೂ ಒಪ್ಪುವಂತಹುದು: ಹೇಳಿದವರು ಯಾರು ಎಂಬುದಕ್ಕಿಂತ ನೋಡಿದರೆ ಏನು ಕಾಣುತ್ತದೆ ಎಂಬುದು ಮುಖ್ಯ.

ನೋಡಿದರೆ ಏನು ಕಾಣುತ್ತದೆ? ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿ ಪಶ್ಚಿಮಕ್ಕೆ ಹೊಂದಿಕೊಂಡಿರುವ ಶೆಟ್ಟಿಹಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಿಂದೆ ಬೆಂಗಳೂರು ಉತ್ತರ ತಾಲ್ಲೂಕಿನ ಹಳ್ಳಿಯಾಗಿದ್ದು, ಮಹಾನಗರ ಪಾಲಿಕೆ ಹಿಗ್ಗಿದಾಗ ನಗರದೊಳಗೆ ಸೇರಿದ ಊರು ಇದು. ಪೀಣ್ಯದ ಕೈಗಾರಿಕಾ ಪ್ರದೇಶ ಹತ್ತಿರವಿರುವುದರಿಂದ, ಇಲ್ಲಿಯ ಮನೆಗಳಲ್ಲಿ ಕಾರ್ಖಾನೆಗೆ ಹೋಗುವವರು, ಗಾರೆ ಕೆಲಸದವರು, ಕಲಬುರಗಿ, ರಾಯಚೂರು, ಯಾದಗಿರಿಗಳ ಕಡೆಯಿಂದ ದುಡಿಮೆಗೆ ಬಂದವರು ಎಲ್ಲರೂ ಇದ್ದಾರೆ. ಈ ಭಾಗದ ಸರ್ಕಾರಿ ಶಾಲೆಯ ಒಂದು ತರಗತಿಯಲ್ಲಿ ನಾಲ್ಕಾರು ಬಗೆಯ ಕನ್ನಡವನ್ನೂ ತೆಲುಗು, ಉರ್ದು, ತಮಿಳು ಮನೆಮಾತುಗಳನ್ನೂ ಕೇಳಬಹುದು. ಪ್ರಯೋಗಾಲಯವೆಂದು ಹೇಳಿಕೊಳ್ಳುವಂತಹುದು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಬಯಲಿದೆ, ಬಿಸಿಲಿದೆ, ನೆರಳಿದೆ.

ಏಳನೆಯ ತರಗತಿಯ ಮಕ್ಕಳನ್ನು ‘ಸೂರ್ಯ ನೆತ್ತಿಯ ಮೇಲೆ ಬರುವುದು ಎಷ್ಟು ಗಂಟೆಗೆ?’ ಎಂದು ಕೇಳಿದರೆ ‘ಹನ್ನೆರಡು ಗಂಟೆಗೆ’ ಎಂಬ ಉತ್ತರ ಒಕ್ಕೊರಲಿನಿಂದ ಬರುತ್ತದೆ. ಅಧ್ಯಾಪಕರನ್ನು ಕೇಳಿದರೂ ಅದೇ ಉತ್ತರ, ಎಂ.ಎ. ತರಗತಿಯಲ್ಲಿ ನಾನು ಕೇಳಿದಾಗಲೂ ಅದೇ ಬಂದಿತು. ಅನ್ವೇಷಣೆಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಡ. ಒಂದು ಮೀಟರ್ ಉದ್ದದ ನೇರವಾದ ಕೋಲನ್ನು ಶಾಲೆಯ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿದರಾಯಿತು.

ಕೋಲು ನೆಟ್ಟಗಿದೆಯೆಂದು ತಿಳಿಯುವುದು ಹೇಗೆ? ಇದು ಮೊದಲ ಪ್ರಶ್ನೆ, ಸಣ್ಣ ಪ್ರಶ್ನೆಯಲ್ಲ. ಗಾರೆ ಕೆಲಸದವರ ಮನೆಯ ಮಗು ಇದಕ್ಕೆ ಉತ್ತರ ಬಲ್ಲದು. ತೂಗುಗುಂಡು ಬಿಟ್ಟು ಗೋಡೆಯ ನೇರ ನೋಡುವುದನ್ನು, ರಸಮಟ್ಟ ಇಟ್ಟು ನೆಲದ ಮಟ್ಟ ನೋಡುವುದನ್ನು, ನೀರು ತುಂಬಿದ ಉದ್ದ ಪೈಪನ್ನು ಹಿಡಿದು ದೂರದ ಎರಡು ಕಂಬಗಳ ಮಟ್ಟ ಹೊಂದಿಸುವುದನ್ನು ಅದು ದಿನಾ ಕಂಡಿದೆ. ತರಗತಿಯಲ್ಲಿ ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಕೂರುವ ಮಗು ಆ ದಿನ ಅಂಗಳದ ನಡುವೆ ನಿಲ್ಲುತ್ತದೆ. ನಾನು ನೋಡಿದ ಒಂದು ತರಗತಿಯಲ್ಲಿ ಹುಡುಗನೊಬ್ಬ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ‘ಮಿಸ್, ಈ ಕಡೆಗೆ ವಾಲೈತೆ, ಆ ಕಡೆಯಿಂದಲೂ ನೋಡ್ಬೇಕು’ ಎಂದು ಶಿಕ್ಷಕಿಗೆ ಹೇಳಿದ. ಒಂದು ದಿಕ್ಕಿನಿಂದ ನೇರ ಕಂಡದ್ದು ಇನ್ನೊಂದು ದಿಕ್ಕಿನಿಂದ ನೇರವಿರಬೇಕಾಗಿಲ್ಲ ಎಂಬ ಜ್ಯಾಮಿತಿಯನ್ನು ಅವನು ಯಾವ ಪಾಠದಿಂದಲೂ ಕಲಿತಿರಲಿಲ್ಲ.

ಗುರುತುಗಳನ್ನು ಅಳೆದಾಗ ನೆರಳು ಅತ್ಯಂತ ಗಿಡ್ಡವಾಗುವುದು ಹನ್ನೆರಡಕ್ಕೆ ಅಲ್ಲವೆಂದು ತಿಳಿಯುತ್ತದೆ. ಜುಲೈ ತಿಂಗಳ ಮೊದಲ ಭಾಗದಲ್ಲಾದರೆ ಅದು ಸುಮಾರು 12 ಗಂಟೆ 25 ನಿಮಿಷಕ್ಕೆ. ನಮ್ಮ ಗಡಿಯಾರಗಳು ಪೂರ್ವ ರೇಖಾಂಶ 82.5 ಡಿಗ್ರಿಯ ಸಮಯವನ್ನು ತೋರಿಸುತ್ತವೆ. ಶೆಟ್ಟಿಹಳ್ಳಿ ಅದಕ್ಕೆ ಐದು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತು ನಿಮಿಷ ತಡ. ಉಳಿದ ಐದು ನಿಮಿಷ? ಅದು ಋತುವಿನೊಂದಿಗೆ ಬದಲಾಗುತ್ತದೆ. ಫೆಬ್ರವರಿಯ ನಡುಭಾಗದಲ್ಲಿ ನಡುಹಗಲು 12 ಗಂಟೆ 34 ನಿಮಿಷದ ಸುಮಾರಿಗೆ, ನವೆಂಬರಿನ ಆದಿಯಲ್ಲಿ 12 ಗಂಟೆ 4 ನಿಮಿಷದ ಸುಮಾರಿಗೆ. ಭೂಮಿಯ ಓರೆಯೂ ಅದರ ಪಥ ಪೂರ್ಣ ವೃತ್ತವಾಗಿಲ್ಲದಿರುವುದೂ ಇದಕ್ಕೆ ಕಾರಣ. ಇದೇ ಜಾಲಹಳ್ಳಿಯಲ್ಲಿ 1961ರಲ್ಲಿ ಎಚ್.ಎಂ.ಟಿ. ಸಂಸ್ಥೆ ಕೈಗಡಿಯಾರದ ಕಾರ್ಖಾನೆ ತೆರೆದು ನಾಡಿಗೆಲ್ಲ ಗಂಟೆ ತೋರಿಸಿತು. ಅದರ ನೆರೆಯ ಊರಿನ ಸೂರ್ಯ ಮಾತ್ರ ತನ್ನದೇ ಲೆಕ್ಕದಲ್ಲಿ ನಡೆಯುತ್ತಿದ್ದಾನೆ ಎಂಬುದು ಮಕ್ಕಳಿಗೆ ಬಹಳ ಹಿಡಿಸುವ ಸಂಗತಿ.

ಇನ್ನೂ ದೊಡ್ಡ ಆಶ್ಚರ್ಯ ದಿಕ್ಕಿನದು. ಭಾರತದಲ್ಲಿ ನಡುಹಗಲ ನೆರಳು ಉತ್ತರಕ್ಕೆ ಬೀಳುತ್ತದೆಂಬುದು ಹಲವರ ನಂಬಿಕೆ. ಜುಲೈಯಲ್ಲಿ ಶೆಟ್ಟಿಹಳ್ಳಿಯ ಕೋಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಒಂದು ಮೀಟರ್ ಕೋಲಿಗೆ ಹದಿನಾರು ಸೆಂಟಿಮೀಟರಿನಷ್ಟು. ಈ ಊರು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿದ್ದು, ಆಗ ಸೂರ್ಯ 22 ಡಿಗ್ರಿಯಷ್ಟು ಉತ್ತರದಲ್ಲಿರುತ್ತಾನೆ. ಹಾಗಾದರೆ ನೆರಳು ದಕ್ಷಿಣದಿಂದ ಉತ್ತರಕ್ಕೆ ಹೊರಳುವ ದಿನವೊಂದು ಇರಲೇಬೇಕಲ್ಲವೇ? ಈ ಪ್ರಶ್ನೆ ಮಕ್ಕಳಿಂದ ಬರಬೇಕು. ಅಧ್ಯಾಪಕರು ನಾಲಿಗೆಯನ್ನು ಕಚ್ಚಿಹಿಡಿದು ಕಾದರೆ ಬರುತ್ತದೆ. ನೆರಳಿಲ್ಲದ ಆ ದಿನ ಬೆಂಗಳೂರಿಗೆ ವರ್ಷದಲ್ಲಿ ಎರಡು ಬಾರಿ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಬರುತ್ತದೆ. ಮೊದಲನೆಯದು ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ. ಎರಡನೆಯದರಲ್ಲಿ ಶಾಲೆಯಿರುತ್ತದೆ, ಮೋಡವೂ ಇರುತ್ತದೆ. ಒಂದು ವರ್ಷ ಮೋಡ ಕವಿದು ಏನೂ ಕಾಣಲಿಲ್ಲವೆಂದರೆ ಅದನ್ನೂ ದಾಖಲಿಸಬೇಕು. ವಿಜ್ಞಾನದಲ್ಲಿ ಅದೂ ಒಂದು ಫಲಿತಾಂಶ. ಹಿಂದಿನ ಮತ್ತು ಮುಂದಿನ ದಿನಗಳ ಅಳತೆಗಳಿಂದ ನಡುವಿನ ದಿನವನ್ನು ಊಹಿಸಲು ಸಾಧ್ಯವೆಂಬುದು ಅದರಿಂದ ಹುಟ್ಟುವ ಪಾಠ.

ವಲಸೆ ಬಂದ ಮಕ್ಕಳು ತರಗತಿಗೆ ಹೊರೆಯೆಂದು ಭಾವಿಸುವವರು ಈ ಪ್ರಯೋಗದ ಮುಂದಿನ ಹೆಜ್ಜೆಯನ್ನು ಗಮನಿಸಬೇಕು. ಕಲಬುರಗಿ 17.3 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ನೆರಳಿಲ್ಲದ ದಿನ ಬರುವುದು ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಮತ್ತು ಆಗಸ್ಟ್ ಆದಿಯಲ್ಲಿ. ಡಿಸೆಂಬರ್ 21ರ ನಡುಹಗಲಿನಲ್ಲಿ ಶೆಟ್ಟಿಹಳ್ಳಿಯ ಒಂದು ಮೀಟರ್ ಕೋಲಿನ ನೆರಳು 74 ಸೆಂಟಿಮೀಟರಿನಷ್ಟಿದ್ದರೆ, ಕಲಬುರಗಿಯಲ್ಲಿ 86 ಸೆಂಟಿಮೀಟರಿನಷ್ಟಿರುತ್ತದೆ. ಶೆಟ್ಟಿಹಳ್ಳಿಯ ಮಗು ಕಲಬುರಗಿಯ ಹಳ್ಳಿಯಲ್ಲಿರುವ ತನ್ನ ಮಾವನ ಮಗನಿಗೆ ಫೋನು ಮಾಡಿ ಅದೇ ದಿನ ಅಳತೆ ತರಿಸಿಕೊಂಡಿತೆಂದರೆ, ಎರಡು ನೆರಳುಗಳ ಕೋನದ ವ್ಯತ್ಯಾಸ ಸುಮಾರು ನಾಲ್ಕೂಕಾಲು ಡಿಗ್ರಿ, ಎರಡೂರುಗಳ ನಡುವಿನ ಉತ್ತರ ದಕ್ಷಿಣ ಅಂತರ ಸುಮಾರು 475 ಕಿಲೋಮೀಟರ್. ಇಷ್ಟರಿಂದ ಭೂಮಿಯ ಸುತ್ತಳತೆ 40,000 ಕಿಲೋಮೀಟರಿನ ಹತ್ತಿರ ಬರುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳ ನಡುವೆ ಮಾಡಿದ ಲೆಕ್ಕ ಇದೇ. ಕಲಬುರಗಿಯ ಮಗು ‘ನೆಳ್ಳು’ ಎಂದರೆ ತಿದ್ದುವ ಗೋಜಿಗೆ ಹೋಗಬಾರದು. ಹಳಗನ್ನಡದ ‘ನೆೞಲ್’ ಎಂಬುದಕ್ಕೆ ಆ ರೂಪವೂ ನಮ್ಮ ‘ನೆರಳು’ ಎಂಬ ರೂಪವೂ ಸಮಾನವಾಗಿ ಮಕ್ಕಳು.

ಕನ್ನಡ ಸಂಶೋಧಕರಿಗೆ ಆಸಕ್ತಿ ಹುಟ್ಟಿಸುವ ಇನ್ನೊಂದು ಅಳತೆಯೂ ಇದೆ. ಡಿಸೆಂಬರಿನಿಂದ ಜನವರಿಯವರೆಗೆ ನೆರಳನ್ನು ಅಳೆದರೆ ಅದು ಅತಿ ಉದ್ದವಾಗುವುದು ಡಿಸೆಂಬರ್ 21ರ ಸುಮಾರಿಗೆ. ಮಕರ ಸಂಕ್ರಾಂತಿಯ ಹೊತ್ತಿಗೆ ಅದು ಐದಾರು ಸೆಂಟಿಮೀಟರ್ ಗಿಡ್ಡವಾಗಿಯೇ ಇರುತ್ತದೆ. ಎಳ್ಳು ಬೀರುವ ದಿನ ಉತ್ತರಾಯಣ ಆರಂಭವೆಂದು ಮನೆಯಲ್ಲಿ ಕೇಳಿದ ಮಗುವಿಗೆ ಕೋಲು ಬೇರೆಯೇ ಹೇಳುತ್ತದೆ. ಇಲ್ಲಿ ಹಿರಿಯರು ತಪ್ಪು ಹೇಳಿದರೆಂದು ತೀರ್ಮಾನಿಸುವುದು ಸುಲಭ, ಆದರೆ ಅವಸರದ್ದು. ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಈ ಎರಡು ದಿನಗಳು ದೂರ ಸರಿಯುತ್ತ ಬಂದಿವೆ. ಉತ್ತರಾಯಣ ಸಂಕ್ರಮಣದಲ್ಲಿ ದತ್ತಿ ಬಿಟ್ಟುದನ್ನು ಹೇಳುವ ಸಾವಿರ ವರ್ಷ ಹಿಂದಿನ ಶಾಸನಗಳ ಕಾಲದಲ್ಲಿ ಈ ಅಂತರ ಇಂದಿನದಕ್ಕಿಂತ ಬಹಳ ಕಡಿಮೆಯಿತ್ತು. ಗವಿಪುರದ ಗಂಗಾಧರೇಶ್ವರ ಗುಹಾಲಯದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸೇರುತ್ತಾರೆ. ಸೂರ್ಯ ಅದೇ ಸ್ಥಾನಕ್ಕೆ ನವೆಂಬರ್ ಕೊನೆಯಲ್ಲಿಯೂ ಬಂದಿರುತ್ತಾನಾದ್ದರಿಂದ ಆಗಲೂ ಕಿರಣ ಒಳಬರುತ್ತದೆಂಬುದನ್ನು ಬೆಂಗಳೂರಿನ ತಾರಾಲಯದ ಖಗೋಳಜ್ಞೆ ಬಿ.ಎಸ್. ಶೈಲಜಾ ಅವರೂ ಅವರ ಸಹೋದ್ಯೋಗಿಗಳೂ ವಿವರಿಸಿದ್ದಾರೆ. ಶಾಸನಗಳಲ್ಲಿಯ ಗ್ರಹಣ, ಸಂಕ್ರಮಣಗಳ ಉಲ್ಲೇಖಗಳನ್ನು ಖಗೋಳ ದಾಖಲೆಗಳಾಗಿ ಅಭ್ಯಾಸ ಮಾಡಿದವರೂ ಅವರೇ.

ಈಗ ಭಾಷೆಯ ವಿಚಾರಕ್ಕೆ ಬರೋಣ. ಪಠ್ಯಪುಸ್ತಕದ ಕನ್ನಡ ಹೆಚ್ಚಾಗಿ ‘ಆಗುತ್ತದೆ’, ‘ಎನ್ನುವರು’, ‘ಎಂದು ಕರೆಯಲಾಗುತ್ತದೆ’ ಎಂಬ ಮೂರು ಕ್ರಿಯಾರೂಪಗಳ ಮೇಲೆ ನಿಂತಿದೆ. ಚಟುವಟಿಕೆಯ ಪೆಟ್ಟಿಗೆಯಲ್ಲಿ ‘ಮಾಡಿ ನೋಡಿ’ ಎಂದು ಇರುತ್ತದೆ; ಮರುಸಾಲಿನಲ್ಲಿಯೇ ‘ಇದರಿಂದ ತಿಳಿಯುವುದೇನೆಂದರೆ’ ಎಂದು ಉತ್ತರವೂ ಇರುತ್ತದೆ. ಮಾಡಿ ನೋಡುವ ಅಗತ್ಯವೇ ಬೀಳುವುದಿಲ್ಲ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂಬ ಶೀರ್ಷಿಕೆಗಳ ಕೆಳಗೆ ಇಡೀ ತರಗತಿ ಒಂದೇ ವಾಕ್ಯವನ್ನು ನಕಲು ಮಾಡುತ್ತದೆ. ಮಾಡದ ಪ್ರಯೋಗದ ವೀಕ್ಷಣೆಯನ್ನು ಬರೆಯಲು ಹತ್ತು ವರ್ಷದ ಮಗುವಿಗೆ ನಾವು ಕಲಿಸುತ್ತಿದ್ದೇವೆ. ಇದನ್ನು ಸುಳ್ಳು ಎನ್ನದೆ ಬೇರೆ ಹೆಸರಿಟ್ಟು ಕರೆಯುವುದು ನನಗೆ ಸಾಧ್ಯವಾಗುತ್ತಿಲ್ಲ.

ಆದರೆ ಇದೇ ಕನ್ನಡದಲ್ಲಿ ಅನ್ವೇಷಣೆಗೆ ಬೇಕಾದ ವ್ಯಾಕರಣ ಸಮೃದ್ಧವಾಗಿದೆ. ಪ್ರೌಢಶಾಲೆಯ ಕನ್ನಡ ಪಾಠದಲ್ಲಿ ಕ್ರಿಯಾಪದದ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ರೂಪಗಳನ್ನು ಬೋಧಿಸುತ್ತೇವೆ. ‘ಬಂದಾನು, ಬಂದಾಳು, ಬಂದೀತು’ ಎಂದು ಪಟ್ಟಿ ಒಪ್ಪಿಸಿದ ಮಗುವಿಗೆ ಅದರ ಉಪಯೋಗವೇನೆಂದು ಹೇಳುವವರಿಲ್ಲ. ‘ನಾಳೆ ನೆರಳು ಇನ್ನೂ ಗಿಡ್ಡವಾದೀತು’ ಎಂಬುದೇ ಊಹೆ. ವಿಜ್ಞಾನಿಗಳು ಪ್ರಾಕ್ಕಲ್ಪನೆ ಎನ್ನುವುದು ಇದನ್ನೇ. ‘ಆಗುತ್ತದೆ’ ಎಂಬುದು ಪ್ರಶ್ನೆಯನ್ನು ಮುಚ್ಚುತ್ತದೆ, ‘ಆದೀತು’ ತೆರೆಯುತ್ತದೆ. ಸಂದೇಹವನ್ನು ಸೂಚಿಸುವ ಓಕಾರವೂ ಅಂತಹುದೇ: ‘ಹನ್ನೆರಡಕ್ಕೋ, ಹನ್ನೆರಡೂವರೆಗೋ’. ‘ಕೋಲು ಎರಡರಷ್ಟು ಉದ್ದವಾಗಿದ್ದರೆ?’ ಎಂಬ ‘-ಅರೆ’ ಪ್ರತ್ಯಯದಲ್ಲಿ ಪ್ರಯೋಗದ ವಿನ್ಯಾಸವೇ ಅಡಗಿದೆ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ‘ಅಂತೆ’. ತಾನು ಕಂಡದ್ದನ್ನೂ ಇತರರಿಂದ ಕೇಳಿದ್ದನ್ನೂ ಬೇರ್ಪಡಿಸುವ ಸಾಧನ ಕನ್ನಡದ ದಿನನಿತ್ಯದ ಮಾತಿನಲ್ಲಿಯೇ ಇದೆ. ಹಳಗನ್ನಡದ ‘ಗಡ’ ಎಂಬ ಅವ್ಯಯವೂ ಈ ಅರ್ಥದಲ್ಲಿ ಬರುವುದುಂಟು. ‘ನೆರಳು ದಕ್ಷಿಣಕ್ಕೆ ಬಿತ್ತು’ ಎಂಬುದು ಸಾಕ್ಷಿ. ‘ನೆರಳು ಉತ್ತರಕ್ಕೆ ಬೀಳುತ್ತದಂತೆ’ ಎಂಬುದು ವರದಿ. ನಾಲ್ಕು ವರ್ಷದ ಮಗುವೂ ತಪ್ಪಿಲ್ಲದೆ ಬಳಸುವ ಈ ಭೇದವನ್ನು ಶಾಲೆಯ ಬರವಣಿಗೆ ಅಳಿಸಿಹಾಕುತ್ತದೆ. ‘ಅಂತೆ’ ಗ್ರಾಮ್ಯವೆಂದು, ಆಡುಮಾತೆಂದು ತಿದ್ದಿಸಿಕೊಂಡ ಮಗು ತಾನು ಕಾಣದ ಸಂಗತಿಯನ್ನೂ ಕಂಡಂತೆಯೇ ಬರೆಯಲು ಕಲಿಯುತ್ತದೆ. ನಮ್ಮ ವ್ಯಾಕರಣ ಚರ್ಚೆಗಳಲ್ಲಿ ಡಿ.ಎನ್. ಶಂಕರ ಭಟ್ ಅವರು ಎತ್ತಿದ ಪ್ರಶ್ನೆಗಳು, ಅಂದರೆ ಕನ್ನಡದ ಸ್ವಂತ ಲಕ್ಷಣಗಳನ್ನು ಬರಹ ಎಷ್ಟು ಗುರುತಿಸುತ್ತದೆ ಎಂಬವು, ಇಲ್ಲಿ ವಿಜ್ಞಾನದ ತರಗತಿಯವರೆಗೂ ಬರುತ್ತವೆ. ಪಾರಿಭಾಷಿಕ ಪದಗಳ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಅವರಿಗಿಂತ ಸ್ವಲ್ಪ ಬೇರೆ. ‘ದ್ಯುತಿಸಂಶ್ಲೇಷಣೆ’ ಎಂಬುದು ಸಂಸ್ಕೃತವಾದುದರಿಂದ ಕಷ್ಟವಾಗುವುದಕ್ಕಿಂತ, ಎಲೆಯನ್ನು ಮುಟ್ಟುವ ಮೊದಲೇ ಬಂದುಬಿಡುವುದರಿಂದ ಹೆಚ್ಚು ಕಷ್ಟವಾಗುತ್ತದೆ. ಅನುಭವ ಮೊದಲು ಬಂದು ಪದ ಅನಂತರ ಬಂದರೆ, ಎಷ್ಟು ಉದ್ದದ ಪದವನ್ನಾದರೂ ಮಕ್ಕಳು ಹೊರುತ್ತಾರೆ. ಕ್ರಿಕೆಟ್ಟಿನ ಪರಿಭಾಷೆಯನ್ನು ಅವರಿಗೆ ಯಾರೂ ಬಾಯಿಪಾಠ ಮಾಡಿಸಿಲ್ಲ.

ಅಧ್ಯಾಪಕರ ತೊಂದರೆಗಳನ್ನು ಹಗುರವಾಗಿ ಕಾಣುವಂತಿಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಒಂದೂವರೆ ಗಂಟೆಯ ನೆರಳು ಹಿಡಿಸುವುದಿಲ್ಲ. ಬಿಸಿಯೂಟದ ಗಂಟೆಯೂ ಅದೇ ಹೊತ್ತಿಗೆ ಬೀಳುತ್ತದೆ. ಜೊತೆಗೆ ಗಣತಿ, ಚುನಾವಣೆ, ದಾಖಲೆಗಳ ಕೆಲಸ. ಎಸ್.ಎಸ್.ಎಲ್.ಸಿ. ವಿಜ್ಞಾನದಲ್ಲಿ 100ರಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ ಮೀಸಲಾಗಿರುವಾಗ, ಪ್ರಶ್ನೆ ಕೇಳುವ ಮಗುವಿಗಿಂತ ಉತ್ತರ ಬರೆಯುವ ಮಗು ಬೇಕೆನಿಸುವುದು ಆಶ್ಚರ್ಯವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ ಕಲಿ’ ಕಿರಿಯ ತರಗತಿಗಳಲ್ಲಿ ಮಕ್ಕಳನ್ನು ಸಾಲುಗಳಿಂದ ಎಬ್ಬಿಸಿ ಗುಂಪುಗಳಲ್ಲಿ ಕೂರಿಸಿತು. ಅದೇ ಮಕ್ಕಳು ಮೇಲಿನ ತರಗತಿಗಳಿಗೆ ಬಂದೊಡನೆ ಮತ್ತೆ ಸಾಲಾಗುತ್ತಾರೆ. ಎಲ್ಲಕ್ಕಿಂತ ಮಿಗಿಲಾದ ತೊಡಕು ‘ನನಗೆ ಗೊತ್ತಿಲ್ಲ’ ಎನ್ನುವ ಅಂಜಿಕೆ. ನಾನು ಮೇಲೆ ಹೇಳಿದ ತರಗತಿಯಲ್ಲಿ ನೆರಳು ದಕ್ಷಿಣಕ್ಕೆ ಬಿದ್ದುದನ್ನು ಕಂಡು ಶಿಕ್ಷಕಿ ಒಂದು ಕ್ಷಣ ತಬ್ಬಿಬ್ಬಾದರು. ಬಳಿಕ ‘ನಂಗೂ ಗೊತ್ತಿಲ್ಲ ಕಣ್ರೋ, ನಾಳೆನೂ ನೋಡೋಣ’ ಎಂದರು. ‘ನೋಡೋಣ’ ಎಂಬ ರೂಪದಲ್ಲಿ ಹೇಳುವವರೂ ಕೇಳುವವರೂ ಒಟ್ಟಿಗೆ ಸೇರುತ್ತಾರೆ. ಮರುದಿನ ಹನ್ನೆರಡು ಗಂಟೆಗೆ ಮೊದಲೇ ಮಕ್ಕಳು ಅಂಗಳದಲ್ಲಿದ್ದರು.

2019-20ರಿಂದ ರಾಜ್ಯದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳು ತೆರೆಯತೊಡಗಿದ ಮೇಲೆ ಈ ಪ್ರಶ್ನೆಗೆ ಇನ್ನೊಂದು ಒತ್ತಡ ಸೇರಿದೆ. ಪಾಲಕರ ಬಯಕೆಯನ್ನು ಅವಹೇಳನ ಮಾಡುವ ಹಕ್ಕು, ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿದ ನಮ್ಮಂತಹವರಿಗಿಲ್ಲ. ಆದರೆ ಹೊಸ ಭಾಷೆಯಲ್ಲಿ ಮಗು ಬೇಗ ಕಲಿಯುವುದು ಉತ್ತರವನ್ನು. ಸಂದೇಹವನ್ನು ಹೇಳುವ ರೂಪಗಳು ನಾಲಿಗೆಗೆ ಬರುವುದು ಬಹಳ ತಡವಾಗಿ. ‘ಅಲ್ವೇನೋ’, ‘ಇದ್ದೀತಾ’, ‘ಹಂಗಂತೆ, ಆದ್ರೆ ನಾ ನೋಡಿಲ್ಲ’ ಎಂಬಂತಹ ಮಾತುಗಳಿಗೆ ಐದನೆಯ ತರಗತಿಯ ಇಂಗ್ಲಿಷಿನಲ್ಲಿ ಬದಲಿಯಿಲ್ಲ. ಆಂಗ್ಲ ಮಾಧ್ಯಮದ ತರಗತಿಯಲ್ಲಿಯೂ ಪ್ರಶ್ನೆ, ಊಹೆ, ಚರ್ಚೆಗಳು ಮಗುವಿನ ಮಾತಿನಲ್ಲಿಯೇ ನಡೆದು, ತೀರ್ಮಾನ ಮಾತ್ರ ಎರಡು ಭಾಷೆಗಳಲ್ಲಿ ಬರೆಯಲ್ಪಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕನ್ನಡ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ಸ್ಪಷ್ಟವಿದೆ. ಎಂ.ಎ. ಮತ್ತು ಎಂ.ಫಿಲ್. ಮಟ್ಟದಲ್ಲಿ ಉಪಭಾಷೆಗಳ ಕ್ಷೇತ್ರಕಾರ್ಯ ನಡೆಸಿದ ಅನುಭವ ನಮ್ಮಲ್ಲಿದೆ. ಹಾಡು, ಗಾದೆ, ಒಗಟುಗಳನ್ನು ಸಂಗ್ರಹಿಸಿದ್ದೇವೆ. ಅದೇ ಕ್ರಮದಲ್ಲಿ ಒಂದು ತಾಲ್ಲೂಕಿನ ಹತ್ತು ಶಾಲೆಗಳಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳನ್ನು, ಅವರು ಆಡಿದ ಮಾತಿನಲ್ಲಿಯೇ, ತಿದ್ದದೆ ಬರೆದುಕೊಳ್ಳಬಹುದು. ಯಾವ ಪ್ರಶ್ನೆ ‘ಯಾಕೆ’ಯಿಂದ ಮೊದಲಾಗುತ್ತದೆ, ಯಾವುದು ‘ಹೆಂಗೆ’ಯಿಂದ, ಸಂಭಾವನಾರ್ಥಕ ರೂಪ ಎಲ್ಲಿ ಬರುತ್ತದೆ, ‘ಅಂತೆ’ ಎಲ್ಲಿ ಬರುತ್ತದೆ, ತರಗತಿಯೊಳಗೆ ಎಷ್ಟು, ಹೊರಗೆ ಅಂಗಳದಲ್ಲಿ ಎಷ್ಟು ಎಂದು ಎಣಿಸಬಹುದು. ಪಠ್ಯಪುಸ್ತಕವನ್ನು ಕನ್ನಡಕ್ಕೆ ತರುವವರ ಮೇಜಿನ ಮೇಲೆ ಪಾರಿಭಾಷಿಕ ಪದಕೋಶದ ಪಕ್ಕದಲ್ಲಿ ಈ ಸಂಗ್ರಹವೂ ಇರಬೇಕು. ಅದಕ್ಕೆ ಬೇಕಾಗುವುದು ಒಂದು ನೋಟ್‌ಬುಕ್ಕು, ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿ, ಮತ್ತು ಜೂನಿನಿಂದ ಮಾರ್ಚಿಯವರೆಗೆ ವಾರಕ್ಕೆ ಒಂದು ದಿನ.